ಹುಲಿಗೆಮ್ಮನ ಸ್ವಂತ ದನಿ

ಹುಲಿಗೆಮ್ಮ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಮಸ್ಕಿಯ ನಿಲ್ದಾಣ ಬಿಟ್ಟು ಸಿಂಧನೂರಿನ ಬಸ್ಸು ರಸ್ತೆಗೆ ಹೊರಳುವಾಗ ಆಕೆ ಇನ್ನೂ ಚಹಾದಂಗಡಿಯ ಮುಂದೆ ಬಟ್ಟಲು ಹಿಡಿದು ನಿಂತಿರುತ್ತಿದ್ದಳು. "ಡ್ರೈವರ್ ಸಾಹೇಬ್ರ, ನಾ ಬರಾಕತ್ತೀನಿ" ಎಂದು ಒಂದೇ ಸಲ ಹೇಳುತ್ತಿದ್ದಳು. ಅದು ಕೂಗಲ್ಲ, ಮಾತು. ಬಸ್ಸು ನಿಲ್ಲುತ್ತಿತ್ತು. ಆಕೆ ಬಟ್ಟಲು ಬರಿದು ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ನಿಧಾನವಾಗಿ ಬಂದು ಹತ್ತುತ್ತಿದ್ದಳು.

ಅಂಥ ದನಿ ಆಕೆಯದು. ದಪ್ಪ, ತುಸು ಒರಟು. ಪಾಮನಕಲ್ಲೂರಿನಲ್ಲಿ ಹುಟ್ಟಿದ ಆಕೆ ಮಸ್ಕಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಳು. ಹಳ್ಳಿಯ ಹುಡುಗರು ನಾಟಕ ಆಡಿಸುವಾಗ ಹೆಣ್ಣು ಪಾತ್ರಕ್ಕೆ ಕರೆಸಿಕೊಳ್ಳುವ ನಟಿಯಾಗಿ ಮೂವತ್ತು ವರ್ಷ ದುಡಿದವಳು. ಸಂತೆಕಲ್ಲೂರು, ಸಾಲಗುಂದ, ಆಚೆ ಕಾಲುವೆ ಕಡೆಯ ವಲಸಿಗರ ಕ್ಯಾಂಪುಗಳು, ಎಲ್ಲಿಯೂ ಆಕೆಯ ಮುಂದೆ ಮೈಕು ಕೆಟ್ಟರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ನಾಟಕದ ದಿನಗಳಲ್ಲಿ ಮೊಸರು ಮುಟ್ಟುತ್ತಿರಲಿಲ್ಲ, ಬಿಸಿನೀರಲ್ಲದೆ ಕುಡಿಯುತ್ತಿರಲಿಲ್ಲ. "ಮಾತು ಎದಿಯಿಂದ ಬರಬೇಕ್ರಿ ಮಾಸ್ತರ. ಗಂಟಲದಿಂದ ಬರೋದು ಕೆಮ್ಮು" ಎನ್ನುತ್ತಿದ್ದಳು.

ನಾನು ಪ್ರೌಢಶಾಲೆಯ ಕನ್ನಡ ಮಾಸ್ತರ. ಮಕ್ಕಳು 'ಹೋಗ್ಯಾನ' ಎಂದು ಬರೆದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವವನು. ಬರೆದದ್ದಷ್ಟೇ ಅಲ್ಲ, ಬಾಯಿಬಿಟ್ಟು ಅಂದರೂ ತಿದ್ದುತ್ತಿದ್ದೆ. ಒಮ್ಮೆ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೇ ಒಂದು ಕಿರುನಾಟಕ ಬರೆದು, ತಾಲೀಮು ಮಾಡಿಸಲು ಹುಲಿಗೆಮ್ಮನನ್ನು ಕರೆದೆ. ಮೊದಲ ಹಾಳೆಯಲ್ಲೇ ಆಕೆಯ ಬೆರಳು ನಿಂತಿತು. ತಾಯಿ ಹೇಳುವ ಮಾತು: "ಮಗನೇ, ಭೋಜನಕ್ಕೆ ಸಮಯವಾಯಿತು, ಬಾ."

"ಇದನ್ನ ಯಾರವ್ವ ಅಂತಾಳ್ರಿ ಮಾಸ್ತರ?" ಎಂದಳು. "ನಿಮ್ಮವ್ವ ಅಂತಿದ್ಲೇನು?"

"ಇಲ್ಲ. ಆದರೆ ವೇದಿಕೆ ಅಲ್ಲವೇ ಅಕ್ಕಾ."

"ವೇದಿಕಿ ಮ್ಯಾಲ ಹತ್ತಿದ್ರ ಅವ್ವ ಬದಲಾಗ್ತಾಳೇನು?" ಎಂದವಳೇ, ಪಾತ್ರ ಮಾಡಬೇಕಿದ್ದ ಹುಡುಗಿಯ ಕಡೆ ತಿರುಗಿದಳು. "ಹೇಳವ್ವಾ. ಉಣ್ಣಾಕ ಬಾರೋ ಯಪ್ಪಾ, ರೊಟ್ಟಿ ಆರಾಕತ್ತ್ಯಾವ." ತರಗತಿಯಲ್ಲಿ ಹಾಜರಿ ಹೇಳಲೂ ನಾಚುತ್ತಿದ್ದ ಆ ಹುಡುಗಿ, ಮನೆಯಲ್ಲಿ ತಮ್ಮನನ್ನು ಕರೆದಂತೆ ಅದನ್ನು ಹೇಳಿದಳು. ನನ್ನ ನಾಟಕದಲ್ಲಿ ನನ್ನ ವಾಕ್ಯಗಳು ಹೆಚ್ಚು ಉಳಿಯಲಿಲ್ಲ. ಅದಕ್ಕೇ ಅದು ಚೆನ್ನಾಗಿ ಆಯಿತು.

ಇಂಥವಳನ್ನು ಹುಡುಕಿಕೊಂಡು ಬೆಂಗಳೂರಿನಿಂದ ಒಂದು ಸಿನಿಮಾ ತಂಡ ಬಂತು. ಆ ಚಿತ್ರದ ಹೆಸರನ್ನು ಇಲ್ಲಿ ಬರೆದು ಅದಕ್ಕೆ ಇನ್ನೊಂದಿಷ್ಟು ಪ್ರಚಾರ ಕೊಡಲಾರೆ. ಕಾನೂನು ಬಿಟ್ಟು ಒಂದು ಹೆಜ್ಜೆ ಇಡದ ಪೊಲೀಸ್ ಅಧಿಕಾರಿ, ಜೇಲಿನಿಂದ ಆಗತಾನೆ ಹೊರಬಂದ ಚಿಲ್ಲರೆ ಕಳ್ಳ. ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗದು. ಆದರೂ ಒಂದೇ ಜೀಪಿನಲ್ಲಿ ಕುಳಿತು, ಕಳುವಾದ ದೇವರ ಕಿರೀಟ ಹುಡುಕುತ್ತ ಊರೂರು ಅಲೆಯಬೇಕು. ಕಳ್ಳನ ಊರು ನಮ್ಮ ಕಡೆಯದು. ಅವನ ತಾಯಿಯ ಪಾತ್ರ ಹುಲಿಗೆಮ್ಮನಿಗೆ.

ಮುದಗಲ್ಲಿನ ಬಳಿ ಚಿತ್ರೀಕರಣ ನಡೆದಾಗ ಒಂದು ಭಾನುವಾರ ನಾನೂ ಹೋಗಿದ್ದೆ. ಅಧಿಕಾರಿ ಕಳ್ಳನ ಮೇಲೇ ಅನುಮಾನಪಟ್ಟು ಅವನ ಮನೆಯನ್ನು ಶೋಧಿಸುವ ದೃಶ್ಯ. ಅವನು ಜೋಳದ ಡಬ್ಬಿಯನ್ನು ನೆಲಕ್ಕೆ ಸುರಿಯುತ್ತಾನೆ. ತಾಯಿ ಹೊರಗಿನಿಂದ ಬರುತ್ತಾಳೆ. ಬರೆದುಕೊಟ್ಟ ಮಾತು ಹುಲಿಗೆಮ್ಮನ ಬಾಯಿಗೆ ಹೊಂದಲಿಲ್ಲ. "ನಿಮಗೆ ತೋಚಿದಂತೆ ಹೇಳಿ ಅಮ್ಮಾ" ಎಂದರು ನಿರ್ದೇಶಕರು. ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು:

"ಕೂಡ್ರಿ ಸಾಹೇಬ್ರ. ನನ್ನ ಮಗ ಕಳ್ಳ ಅದಾನ, ಇಲ್ಲ ಅನ್ನಂಗಿಲ್ಲ. ಆದ್ರ ಅಂವ ಯಾರ ಮನಿಗೆ ಹೋದ್ರೂ ಉಣ್ಣೋ ಜ್ವಾಳ ನೆಲಕ್ಕ ಸುರುವಿಲ್ಲ. ನೀವು ಸುರುವೀರಿ. ಅದರಾಗ ಬರೇ ಜ್ವಾಳ ಅದಾವ, ನೋಡಿದ್ರಿ. ಇನ್ನ ಅವನ್ನ ತುಂಬಿ ಹೋಗ್ರಿ."

ಅಧಿಕಾರಿಯಾಗಿದ್ದ ನಾಯಕನಟ ಅರೆಗಳಿಗೆ ತಬ್ಬಿಬ್ಬಾಗಿ, ಮೊಣಕಾಲೂರಿ ಜೋಳ ಬಳಿಯತೊಡಗಿದ. ಅವನಿಗೆ ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ನಿರ್ದೇಶಕರು ಬಂದು ಕೈಮುಗಿದರು. "ನಿಮ್ಮ ಭಾಷೆಯೇ ನಮ್ಮ ಸಿನಿಮಾದ ಜೀವ ಅಮ್ಮಾ" ಎಂದದ್ದನ್ನು ಈ ಎರಡು ಕಿವಿಗಳಿಂದ ಕೇಳಿದ್ದೇನೆ.

ಚಿತ್ರ ಬಿಡುಗಡೆಯಾದ ಶುಕ್ರವಾರ ಇಬ್ಬರೂ ಸಿಂಧನೂರಿಗೆ ಮಧ್ಯಾಹ್ನದ ಆಟಕ್ಕೆ ಹೋದೆವು. ಆಕೆ ಇಸ್ತ್ರಿ ಮಾಡಿದ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಚಿತ್ರಮಂದಿರ ತುಂಬಿತ್ತು. ಸುಳ್ಳು ಹೇಳಲಾರೆ, ಮೊದಲರ್ಧ ನಗಿಸಿತು. ಅಧಿಕಾರಿ ಸೀಟ್ ಬೆಲ್ಟ್ ಹಾಕದ ಕಳ್ಳನಿಗೆ ತಾನೇ ದಂಡ ಬರೆದುಕೊಡುವುದು, ಕಳ್ಳ ಅದೇ ರಸೀದಿಯಲ್ಲಿ ಚುರುಮುರಿ ಕಟ್ಟಿಸಿಕೊಳ್ಳುವುದು, ಎಲ್ಲದಕ್ಕೂ ಶಿಳ್ಳೆ ಬಿತ್ತು. ಹುಲಿಗೆಮ್ಮನೂ ಬಾಯಿಗೆ ಸೆರಗು ಹಿಡಿದು ನಕ್ಕಳು.

ಮಧ್ಯಂತರ ಕಳೆದು ಆಕೆಯ ಮುಖ ಪರದೆಯ ತುಂಬ ಬಂತು. ಬಾಯಿ ತೆರೆಯಿತು. ಹೊರಬಂದದ್ದು ಬೇರೆ ಯಾರದೋ ದನಿ. ಮೂಗಿನಲ್ಲಿ ಹೊರಡುವ ಕೀರಲು ದನಿ. "ಲೇ ಪೊಲೀಸ್, ಏನ್ ನೋಡ್ತೀಲೇ ಮಗನ. ಜ್ವಾಳ ತುಂಬಲೇ ಮಗನ, ತುಂಬಲೇ." ಒಂದೊಂದು 'ಮಗನ'ಕ್ಕೂ ಹಿಂದೆ ಡೋಲು ಬಡಿದಿದ್ದರು.

ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು.

ನಮ್ಮ ಕಡೆಯ ಯಾವ ತಾಯಿ, ಮನೆಗೆ ಬಂದ ಪೊಲೀಸರಿಗೆ 'ಲೇ ಮಗನ' ಎನ್ನುತ್ತಾಳೆ? ಬಾಗಿಲಿಗೆ ಬಂದ ಅಪರಿಚಿತನಿಗೆ, ಅವನು ಎಂಥವನೇ ಇರಲಿ, 'ರೀ' ಹಚ್ಚದೆ ಮಾತಾಡದ ಸೀಮೆ ಇದು. ಹುಲಿಗೆಮ್ಮ ಅಂದು ಆಡಿದ ಮಾತಿನ ಶಕ್ತಿಯೆಲ್ಲ ಆ ಮರ್ಯಾದೆಯಲ್ಲೇ ಇತ್ತು. ಅದನ್ನೇ ಕಿತ್ತು ಹಾಕಿ, ನಮ್ಮನ್ನು ಬೈಗುಳವಲ್ಲದೆ ಬೇರೆ ಭಾಷೆ ಬಾರದವರನ್ನಾಗಿ ಮಾಡಿ, ನಮ್ಮ ಊರಿನಲ್ಲೇ ನಮಗೇ ಟಿಕೆಟ್ ಮಾರಿದ್ದರು.

ಹಿಂದಿರುಗುವ ಬಸ್ಸಿನಲ್ಲಿ ಆಕೆ ಅರ್ಧ ದಾರಿ ಕಳೆದ ಮೇಲೆ ಹೇಳಿದಳು:

"ಮಾಸ್ತರ, ನೀವೂ ನಕ್ಕ್ರಿ."

"ಇಲ್ಲ ಅಕ್ಕಾ."

"ನಕ್ಕ್ರಿ. ಮೂವತ್ತು ವರ್ಷ ಮಂದೀನ ನಗಿಸೀನಿ. ಬಾಜೂಕ ಕುಂತವ್ರು ನಕ್ಕಿದ್ದು ನನಗ ತಿಳ್ಯಂಗಿಲ್ಲೇನು?"

ನಕ್ಕಿದ್ದೆ. ಮೊದಲ 'ಲೇ ಮಗನ'ಕ್ಕೆ, ಎಲ್ಲರೊಡನೆ, ಯೋಚನೆಗೆ ಮುಂಚೆಯೇ ನಗು ಬಂದುಬಿಟ್ಟಿತ್ತು. ಎಷ್ಟೋ ವರ್ಷ ಮಕ್ಕಳ ಮಾತಿಗೆ ಕೆಂಪು ಸುತ್ತು ಹಾಕಿದವನಿಗೆ ಅದು ಅಷ್ಟು ಸಲೀಸಾಗಿ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ ಎಂದು ಈಗ ಅನಿಸುತ್ತದೆ. ಅಂದು ಮಾತ್ರ ಮಸ್ಕಿ ಬರುವವರೆಗೂ ತಲೆ ಎತ್ತಲಿಲ್ಲ.

ಚಿತ್ರ ಓಡಿತು. ಪತ್ರಿಕೆಗಳು 'ಉತ್ತರ ಕರ್ನಾಟಕದ ಅಪ್ಪಟ ಸೊಗಡು' ಎಂದು ಬರೆದವು. ಫೋನಿನಲ್ಲಿ ವಿಮರ್ಶೆ ಮಾಡುವ ಒಬ್ಬ, ಕಳ್ಳನ ತಾಯಿಗಾಗಿಯೇ ಇನ್ನೊಮ್ಮೆ ನೋಡಬಹುದು ಎಂದ. ನಮ್ಮವರೂ ಕಡಿಮೆಯಿರಲಿಲ್ಲ. ಸಂತೆಯಲ್ಲಿ ಆಕೆ ಬದನೆಕಾಯಿ ಆರಿಸುತ್ತಿದ್ದರೆ ಹಿಂದಿನಿಂದ ಯಾರೋ ಕೀರಲು ದನಿಯಲ್ಲಿ 'ತುಂಬಲೇ ಮಗನ' ಎಂದು ಜಾರಿಕೊಳ್ಳುತ್ತಿದ್ದರು. ಸಾಲಗುಂದದಿಂದ ನಾಟಕಕ್ಕೆ ಕರೆಯಲು ಬಂದವರು, "ಸಿನಿಮಾದಾಗ ಮಾತಾಡೀರಲ್ರಿ, ಹಂಗ ಮಾತಾಡಬೇಕ್ರಿ" ಎಂದರು. "ಆ ದನಿ ಯಾರದೈತೋ ಅಕೀನ ಕರಸ್ರಿ" ಎಂದು ಹುಲಿಗೆಮ್ಮ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಕರೆ ಬಂದ ನಾಟಕ ಬಿಟ್ಟದ್ದು ಆಕೆಯ ಬದುಕಿನಲ್ಲೇ ಮೊದಲು.

ನನಗೆ ತಡೆಯದಾಯಿತು. ಆಕೆಯ ಎದುರೇ, ಸ್ಪೀಕರ್ ಹಾಕಿ, ಚಿತ್ರತಂಡದವರಿಗೆ ಫೋನ್ ಮಾಡಿದೆ. ಎತ್ತಿದವನು ಬಹಳ ನಯವಾಗಿ ಮಾತಾಡಿದ. "ಅವರ ವಾಯ್ಸ್ ತುಂಬಾ ರಫ್ ಸರ್. ಆ ಸ್ಲ್ಯಾಂಗ್ ಇಲ್ಲಿ ಯಾರಿಗೂ ಅರ್ಥವಾಗಲ್ಲ. ಸ್ವಲ್ಪ ಕಾಮಿಡಿ ಮಾಡಿ ಡಬ್ ಮಾಡಿಸಿದ್ವಿ. ಹಿಟ್ ಆಯ್ತಲ್ಲ, ಖುಷಿಪಡಿ."

ಹುಲಿಗೆಮ್ಮ ಫೋನು ಇಸಿದುಕೊಂಡು, ಇನ್ನೊಂದು ಕೈಯಿಂದ ತನ್ನ ಮುಖ ಮುಟ್ಟಿಕೊಂಡಳು. "ಸಾಹೇಬ್ರ, ನನ್ನ ದನಿ ಬ್ಯಾಡಾಗಿದ್ರ ಮಾರೀನೂ ತಗೀಬೇಕಿತ್ರಿ. ಮಾರಿ ಇಟ್ಕೊಂಡು ದನಿ ಒಗದ್ರ, ಬೈದಾಕಿ ನಾನ ಆದೆ."

ಆಕೆ ಮುಗಿಸುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಮೂರನೆಯ ವಾರ ತಂಡ ವಿಜಯಯಾತ್ರೆ ಹೊರಟು ಲಿಂಗಸುಗೂರಿಗೆ ಬಂತು. ಮಧ್ಯಾಹ್ನದ ಆಟ ಮುಗಿದೊಡನೆ ನಾಯಕನಟ ಪರದೆಯ ಮುಂದೆ ನಿಂತು ಜನರತ್ತ ಕೈಬೀಸುತ್ತಾನೆ ಎಂದು ಪ್ರಚಾರವಾಗಿತ್ತು. "ಹೋಗೂಣ್ರಿ ಮಾಸ್ತರ" ಎಂದಳು. ಏಕೆ ಎಂದು ನಾನು ಕೇಳಲಿಲ್ಲ. ನಾವು ಮೂರನೆಯ ಸಾಲಿನಲ್ಲಿ ಕುಳಿತೆವು. ಕಾರ್ಯಕ್ರಮದ ನಿರೂಪಕ ಆಕೆಯನ್ನು ಗುರುತು ಹಿಡಿದು ಕುಣಿದಾಡಿಬಿಟ್ಟ. ಕೈಹಿಡಿದು ಮೇಲೆ ಹತ್ತಿಸಿ, ಆ ಮಾತು ಹೇಳಲೇಬೇಕು ಎಂದು ಮೈಕು ಕೊಟ್ಟ.

ಹುಲಿಗೆಮ್ಮ ಮೈಕನ್ನು ಕೆಳಗಿಟ್ಟಳು. ನಾಯಕನ ಕಡೆ ತಿರುಗಿ, ಮುದಗಲ್ಲಿನಲ್ಲಿ ಹೇಳಿದ್ದ ಹಾಗೆಯೇ, ಅವಸರವಿಲ್ಲದೆ, "ಕೂಡ್ರಿ ಸಾಹೇಬ್ರ" ಎಂದು ಶುರು ಮಾಡಿದಳು. ಹಿಂದಿನ ಸಾಲಿನಲ್ಲಿ ಎದ್ದು ಹೊರಟಿದ್ದವರು ನಿಂತರು. "ಇನ್ನ ಅವನ್ನ ತುಂಬಿ ಹೋಗ್ರಿ" ಎಂದು ಆಕೆ ಮುಗಿಸಿದಾಗ ಅಲ್ಲಿ ನೆಲದ ಮೇಲೆ ಜೋಳವಿರಲಿಲ್ಲ. ಆದರೂ ಆ ನಟ, ಅಂದು ಮಾಡಿದ್ದಂತೆಯೇ, ಮೊಣಕಾಲೂರಿ ಬಗ್ಗಿದ. ನಟನೆಯೋ ನಾಚಿಕೆಯೋ ನನಗೆ ತಿಳಿಯದು. ಜನ ನಗಲಿಲ್ಲ. ಚಪ್ಪಾಳೆ ಹೊಡೆದರು, ಬಹಳ ಹೊತ್ತು ಹೊಡೆದರು.

ಆಗ ನಿರೂಪಕ ಮೈಕೆತ್ತಿಕೊಂಡು, "ಸೂಪರ್ ಅಮ್ಮಾ, ಈಗ ಆ 'ಲೇ ಮಗನ' ಹೇಳಿಬಿಡಿ" ಎಂದ. ಹುಲಿಗೆಮ್ಮ ಅವನ ಮುಖವನ್ನು ನೋಡಿದಳು. "ಅದು ನನಗ ಬರಂಗಿಲ್ಲ ಯಪ್ಪಾ" ಎಂದು ಹೇಳಿ ಇಳಿದು ಬಂದಳು.

ಚಿತ್ರದಲ್ಲಿ ಏನೂ ಬದಲಾಗಲಿಲ್ಲ. ಸಾಲಗುಂದದವರು ಮಾತ್ರ ಮತ್ತೆ ಬಂದು, ನಿಮ್ಮ ದನಿಯಲ್ಲೇ ಆಡಿರಿ ಎಂದರು. ಆಡಿದಳು. ಅದೇ ಆಕೆಯ ಕೊನೆಯ ನಾಟಕ. ಈ ವರ್ಷ ಬೇಸಿಗೆಗೆ ಮುಂಚೆ, ಪಾಮನಕಲ್ಲೂರಿನಲ್ಲಿ ತಂಗಿ ನಾಗಮ್ಮನ ಮನೆಗೆ ಹೋಗಿದ್ದಾಗ ಎದೆನೋವು ಬಂದು ತೀರಿಕೊಂಡಳು.

ಮರುದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು: "'ಲೇ ಮಗನ' ಖ್ಯಾತಿಯ ನಟಿ ಮಸ್ಕಿ ಹುಲಿಗೆಮ್ಮ ಇನ್ನಿಲ್ಲ."

ಅಂದೇ ಕುಳಿತು ಎರಡು ಹಾಳೆ ಬರೆದೆ. ಆಕೆಯ ಹುಟ್ಟೂರು, ಆಡಿದ ಪಾತ್ರಗಳು, ನಗಿಸಿ ಅಳಿಸಿದ ಊರುಗಳು, ಆ ಚಿತ್ರದಲ್ಲಿ ಆಕೆ ಹೇಳಿದ್ದ ಮಾತು, ಹೇಳದೆ ಇದ್ದ ಮಾತು, ಎಲ್ಲ. ಸಿಂಧನೂರಿಗೆ ಹೋಗಿ ವರದಿಗಾರನ ಮೇಜಿನ ಮೇಲೆ ಇಟ್ಟೆ. "ಹಂಗ ಬರದ್ರನ ಮಂದಿಗೆ ಗುರ್ತ ಹತ್ತತೈತ್ರಿ ಸರ್" ಎಂದ ಅವನು, ಆದರೂ ತಿದ್ದುಪಡಿ ಹಾಕುತ್ತೇವೆ ಎಂದು ಒಪ್ಪಿಕೊಂಡ.

ಎರಡು ದಿನ ಬಿಟ್ಟು ತಿದ್ದುಪಡಿ ಬಂತು. ಎರಡೇ ಸಾಲು. ಹುಲಿಗೆಮ್ಮ ಅವರ ಹುಟ್ಟೂರು ಮಸ್ಕಿ ಅಲ್ಲ, ಪಾಮನಕಲ್ಲೂರು ಎಂದು ಓದಿಕೊಳ್ಳಬೇಕಂತೆ.

ಆ ಪತ್ರಿಕೆ ಹಿಡಿದುಕೊಂಡೇ ನಾಗಮ್ಮನ ಮನೆಗೆ ಹೋದೆ. ಆಕೆಗೆ ಓದು ಬಾರದು. ಪತ್ರಿಕೆಯಲ್ಲಿ ಅಕ್ಕನ ಸುದ್ದಿ ಬಂದಿದೆ ಎಂದು ಯಾರೋ ಹೇಳಿದ್ದರು. "ಏನಂತ ಬರದಾರ್ರಿ ಮಾಸ್ತರ? ಓದ್ರಿ" ಎಂದು ಎದುರಿಗೆ ಕುಳಿತಳು.

ನಾನು ಪತ್ರಿಕೆ ಬಿಡಿಸಿ ಹಿಡಿದೆ. ಆ ಎರಡು ಹಾಳೆಯಲ್ಲಿ ಬರೆದದ್ದನ್ನು, ನೆನಪಿದ್ದಷ್ಟನ್ನೂ ಬಿಡದೆ, ಮೊದಲಿನಿಂದ ಕೊನೆಯವರೆಗೆ ಓದುವವನಂತೆ ಹೇಳಿದೆ. ನಾಗಮ್ಮ ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು. ಮುಗಿದ ಮೇಲೆ ಪತ್ರಿಕೆಯನ್ನು ಇಸಿದುಕೊಂಡು, ನಾನು ಬೆರಳಿಟ್ಟಿದ್ದ ಜಾಗವನ್ನು ನೋಡಿದಳು.

"ಇಷ್ಟ ಸಣ್ಣ ಜಾಗದಾಗ ಅಷ್ಟೆಲ್ಲಾ ಬರದಾರೇನ್ರಿ?"

"ಹೂಂ ನಾಗಮ್ಮಾ" ಎಂದೆ. "ಎಲ್ಲಾ ಬರದಾರ."