ಸೀರೆಗೆ ಅಂಟದ ಹೊಟ್ಟು

ಅನಸೂಯಕ್ಕ, ನೀವು ನನ್ನ ಎಣ್ಣೆ ಅಂಗಡಿಯಲ್ಲಿ ಜಾರಿ ಬಿದ್ದಾಗ ನಾನು ಮೊದಲು ಓಡಿದ್ದು ನಿಮ್ಮ ಕಡೆಗಲ್ಲ, ಶೇಂಗಾ ಹೊಟ್ಟಿನ ಚೀಲದ ಕಡೆಗೆ. ನ್ಯಾಯಾಲಯದಲ್ಲಿ ನಾನು ಹೇಳಿದ್ದು ಸುಳ್ಳು. ಇದನ್ನು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು — ಛೇ, ಬೇಕಾಗಿರಲಿಲ್ಲ, ನಾನೇ ದಿನ ತಳ್ಳಿಕೊಂಡು ಬಂದೆ.

ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲು, ಅಂಗಡಿಗಳಲ್ಲಿ ನೆಲಕ್ಕೆ ಎಣ್ಣೆ ಚೆಲ್ಲಿದರೆ ಕೂಡಲೇ ಹೊಟ್ಟು ಎರಚುತ್ತೇವೆ. ಅದು ಎಣ್ಣೆ ಹೀರುತ್ತದೆ, ಕಾಲು ಜಾರುವುದಿಲ್ಲ. ಅವತ್ತು ಡಬ್ಬ ಸೋರಿದ್ದನ್ನು ನೋಡಿಯೂ ನಾನು ಎರಚಲಿಲ್ಲ. ಹೊಟ್ಟು ಬಿದ್ದ ಎಣ್ಣೆ ಮತ್ತೆ ಕೆಲಸಕ್ಕೆ ಬಾರದು — ಹೊರಗೆ ನಿಂತ ಗಿರಾಕಿಗಳು ಹೋದ ಮೇಲೆ ಬಳಿದು ಡಬ್ಬಕ್ಕೆ ತುಂಬೋಣ ಎಂಬ ದುರಾಸೆ. ಅಷ್ಟರಲ್ಲಿ ಮೊಳಕಾಲ್ಮುರಿನಿಂದ ಬಂದ ನೀವು ಒಳಗೆ ಕಾಲಿಟ್ಟಿರಿ. ರೇಷ್ಮೆ ಸೀರೆ ನೇಯುವ ಬಲಗೈ ಮಣಿಕಟ್ಟಿನಲ್ಲೇ ಮುರಿಯಿತು. ನನ್ನ ಹೆಂಡತಿ ಪಾರ್ವತಿ ನಿಮ್ಮನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿ ಸೀರೆಗೆ ಹತ್ತಿದ ಎಣ್ಣೆ ಒರೆಸುತ್ತಿದ್ದಳು. ಜನ ಸೇರುವುದರೊಳಗೆ ನಾನು ನೆಲದ ತುಂಬ ಹೊಟ್ಟು ಎರಚಿದ್ದೆ.

ನೀವು ಪರಿಹಾರ ಕೇಳಿ ದಾವೆ ಹಾಕಿದಾಗ ನನಗೆ ಅನುಮಾನವೋ ಅನುಮಾನ. ಪಕ್ಕದ ಮಿಲ್ಲಿನವನೇ ಕಳಿಸಿರಬೇಕು, ಕೈ ಮೊದಲೇ ಮುರಿದಿರಬೇಕು, ಇಲ್ಲಾ ಯಾರೋ ವಕೀಲರು ತಲೆ ಕೆಡಿಸಿರಬೇಕು... ಮೊಳಕಾಲ್ಮುರಿಗೇ ಬಂದೆ. ನಿಮ್ಮ ಕೇರಿಯ ಟೀ ಅಂಗಡಿಯಲ್ಲಿ ಕಳ್ಳನ ಹಾಗೆ ಕೂತು ನಿಮ್ಮ ಮಗ್ಗದ ಸದ್ದಿಗೆ ಕಿವಿಗೊಟ್ಟೆ. ಒಂದು ಸಲ ಲಾಳಿ ಓಡಿದರೂ ಸಾಕು, ಸಿಕ್ಕಿಬಿದ್ದಳು ಎಂದುಕೊಂಡಿದ್ದೆ. ನೆರೆಮನೆಯ ಮಗ್ಗಗಳೆಲ್ಲ ನಡೆಯುತ್ತಿದ್ದವು, ನಿಮ್ಮದು ಮಾತ್ರ ಸುಮ್ಮನಿತ್ತು. ಅದನ್ನೂ ನಾಟಕ ಎಂದೇ ನಂಬಿದೆ. ಎಂಥ ಮನುಷ್ಯನಪ್ಪ ನಾನು.

ಕಟಕಟೆಯಲ್ಲಿ ನಿಂತು, ಹೊಟ್ಟು ಮೊದಲೇ ಹಾಕಿತ್ತು, ಈಯಮ್ಮನೇ ನೋಡದೆ ನಡೆದರು ಎಂದೆ. ಪಾರ್ವತಿಯನ್ನು ಸಾಕ್ಷಿಗೆ ಕರೆಯದಿರಲಿ ಎಂದು, ನಿಮ್ಮನ್ನು ಎತ್ತಿದ ಹೆಂಗಸು ಯಾರೋ ಗಿರಾಕಿ, ಗುರುತಿಲ್ಲ ಎಂದೂ ಸೇರಿಸಿದೆ. ನೀವು ಅಳಲಿಲ್ಲ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದಿರಿ.

"ಮೊದ್ಲೇ ಹಾಕಿದ್ರೆ ನನ್ ಸೀರೆಗೆ ಹೊಟ್ಟು ಅಂಟ್ಕಂತಿರ್ಲಿಲ್ಲೇನಣ್ಣ?"

ನೀವು ಆಸ್ಪತ್ರೆಯಲ್ಲಿದ್ದಾಗಲೇ ನಿಮ್ಮ ಮನೆಯವರು ಆ ಸೀರೆ ಒಗೆದುಬಿಟ್ಟಿದ್ದರು. ಬೇರೆ ಸಾಕ್ಷಿ ಇರಲಿಲ್ಲ. ದಾವೆ ವಜಾ ಆಯಿತು.

ಅವತ್ತು ಮನೆಯಲ್ಲಿ ಪಾರ್ವತಿ ಊಟ ಬಡಿಸುತ್ತಾ, "ಸೀರೆ ಒರೆಸ್ದೋಳು ನಾನು ಕಣ್ರಿ," ಎಂದಳು. ಮತ್ತೆ ಆ ಸುದ್ದಿ ಎತ್ತಲಿಲ್ಲ. ಆಮೇಲೆ ನನ್ನ ಅನುಮಾನ ಅವಳ ಮೇಲೆ ತಿರುಗಿತು — ಫೋನಿನಲ್ಲಿ ಯಾರ ಜೊತೆ ಮಾತು, ಮೊಳಕಾಲ್ಮುರಿನ ಬಸ್ಸು ಹತ್ತಿದಳೋ ಏನೋ... ಅವಳು ಯಾರಿಗೂ ಹೇಳಲಿಲ್ಲ. ನನ್ನ ಜೊತೆ ನಗುವುದನ್ನು ಮಾತ್ರ ಬಿಟ್ಟಳು.

ನಿಮ್ಮ ಮೇಲ್ಮನವಿ ಇನ್ನೂ ನಡೆಯುತ್ತಿದೆಯಂತೆ. ನಾಳೆ ನಿಮ್ಮ ವಕೀಲರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸುಳ್ಳು ಸಾಕ್ಷಿಗೆ ನನಗೇನು ಆಗಬೇಕೋ ಆಗಲಿ. ಪಾರ್ವತಿಗೆ ಹೇಳಿದರೆ ಅವಳು ನಂಬಲಿಲ್ಲ.

"ನಾನೂ ಬರ್ತೀನಿ. ನೀವು ವಕೀಲರ ಬಾಗ್ಲು ದಾಟೋದನ್ನ ಕಣ್ಣಾರೆ ನೋಡ್ಬೇಕು," ಎಂದಳು.

ಬರಲಿ. ನಿಮ್ಮ ಕೈ ಮೊದಲಿನಂತಾಗುವುದಿಲ್ಲ, ಗೊತ್ತು. ಆದರೂ ನ್ಯಾಯಾಲಯದಲ್ಲಿ ನೀವು ಕೇಳಿದ ಮಾತಿಗೆ ಉತ್ತರ ಬಾಕಿ ಇದೆ. ಅಕ್ಕ, ನಿಮ್ಮ ಸೀರೆಗೆ ಒಂದು ಚೂರೂ ಹೊಟ್ಟು ಅಂಟಿರಲಿಲ್ಲ. ನಾನು ನೋಡಿದ್ದೆ.