ನೀಲವ್ವ ವಾಪಸ್ ತೆಗೆದುಕೊಂಡ ನಕ್ಷೆ

ವಿಲಾಯತಿಯ ಹೌನ್ಸ್ಲೋ ಊರಿನ ನಕ್ಷೆ ಕಚೇರಿಯಲ್ಲಿ ನೀಲವ್ವನಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ವಿಜಯಪುರದ ಕಡೆಯವಳು. ತಾನು ನಕ್ಷೆ ಬರೆದ ನಾಡುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವಳಲ್ಲ, ಅದಕ್ಕಾಗಿ ಕೊರಗಿದವಳೂ ಅಲ್ಲ. ಅಂಕಿ ಸರಿಯಿದ್ದರೆ ನೆಲ ತಾನಾಗಿ ಕಾಣುತ್ತದೆ ಎನ್ನುತ್ತಿದ್ದಳು.

ಈ ಸಲ ಬಂದದ್ದು ಉತ್ತರ ಧ್ರುವವೃತ್ತಕ್ಕೆ ತುಸು ಕೆಳಗಿನ, ರಸ್ತೆಯೇ ಇಲ್ಲದ ಜೌಗುನಾಡು. ವಿಮಾನದಿಂದ ಲೇಸರ್ ಬಿಟ್ಟು ಎತ್ತರ ಅಳೆದಿದ್ದರು. ನೆಲ ಯಾವುದು, ನೀರು ಯಾವುದು ಎಂದು ನೀಲವ್ವ ವಿಂಗಡಿಸಿ, ಸಹಿ ಹಾಕಿ ಕಳಿಸಿಯಾಗಿತ್ತು. ಸೋಮವಾರ ಆರು ಜನ ಆ ನಕ್ಷೆ ಹಿಡಿದು ನಡೆದೇ ಹೊರಡುವವರಿದ್ದರು.

ಗುರುವಾರ ಬೆಳಿಗ್ಗೆ ಅದೇ ನಾಡಿನ ನಕ್ಷೆಯ ಪಕ್ಕದ ಹಾಳೆಯ ಕೆಲಸ ಹಿಡಿದಾಗ ಅವಳ ಕೈ ನಿಂತಿತು. ಒಂದು ತುಣುಕು ನೆಲದಲ್ಲಿ ಎಲ್ಲೆಲ್ಲೂ ಒಂದೇ ಎತ್ತರ, ಬೆರಳಿನಷ್ಟೂ ವ್ಯತ್ಯಾಸವಿಲ್ಲ. ನೆಲ ಹಾಗಿರುವುದಿಲ್ಲ. ವಿಮಾನ ಹಾರಿದ ದಿನ ನೋಡಿದಳು: ಮೇ ಮೊದಲ ವಾರ. ದಿಬ್ಬಗಳ ಹಿಮ ಕರಗಿತ್ತು, ಹೊಂಡಗಳ ಮೇಲಿನ ಮಂಜುಗಡ್ಡೆ ಕರಗಿರಲಿಲ್ಲ. ಕಳಿಸಿದ ಹಾಳೆಯನ್ನೂ ತೆರೆದಳು. ಅಲ್ಲಿಯೂ ಆ ಗಡ್ಡೆಯನ್ನೇ ಗಟ್ಟಿ ನೆಲವೆಂದು ಬರೆದಿದ್ದಳು. ಈಗ ಆಗಸ್ಟ್. ಅಲ್ಲಿ ಕಾಲಿಟ್ಟವರು ಮುಳುಗುತ್ತಾರೆ.

“ನೀಲಕ್ಕಾ, ಅವ್ರು ಪ್ರಿಂಟ್ ಹಾಕ್ಸಿಬಿಟ್ಟಿದ್ದಾರೆ,” ಎಂದ ವಿಷಯ ಕೇಳಿದ ಅವಳ ಕಚೇರಿ ತಂಡದ ಮುಖ್ಯಸ್ಥ ಅಭಿಜಿತ್, ಬೆಂಗಳೂರಿನವನು. “ಮುಂದಿನ ಸಲ ಸರಿಮಾಡೋಣ. ಹೇಗಿದ್ರೂ ನೋಡ್ಕೊಂಡೇ ನಡೀತಾರೆ.”

“ನೋಡ್ಕೊಂತ ನಡಿಯೂದಿದ್ರ ನಮ್ಮ ನಕಾಶಿ ಯಾಕ ಬೇಕಿತ್ತೋ ಅವ್ರಿಗೆ? ನೀರಿನ ಮ್ಯಾಲೆ ಪಾಚಿ ಹಾಸಿರ್ತದ. ಹುಲ್ಲುಗಾವಲ ಅಂತ ಹೆಜ್ಜಿ ಇಡ್ತಾರ.”

“ವಾಪಸ್ ತಗೊಂಡ್ರೆ ಕಾರಣ ಬರೀಬೇಕು. ನಿಮ್ಮ ಹೆಸ್ರೇ ಬರತ್ತೆ.”

“ಮತ್ತ ಯಾರದು ಬರಬೇಕು? ನಿಮ್ಮಪ್ಪಂದೇನು?”

ಅಭಿಜಿತ್ ನಕ್ಕುಬಿಟ್ಟ. ಅವಳು ನಗಲಿಲ್ಲ. ನಡೆಯುವ ತಂಡದ ನಾಯಕನಿಗೆ ತಾನೇ ಫೋನ್ ಮಾಡಿ, ಕೈಯಲ್ಲಿರುವ ನಕ್ಷೆ ಹರಿದುಹಾಕಿ ಎಂದಳು.

ಹಿಂದಿನ ಆಗಸ್ಟಿನ ಉಪಗ್ರಹ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೊಂಡವನ್ನು ನೀಲಿಗೆ ತಿರುಗಿಸುತ್ತ ಹೋದಳು. ಶನಿವಾರವೂ ಮನೆಗೆ ಬಾರದ್ದು ಕಂಡು ಗಂಡ ಶರಣಬಸವ ರೊಟ್ಟಿ ಕಟ್ಟಿಕೊಂಡು ಕಚೇರಿಗೇ ಬಂದ.

“ರಿಟೈರ್ ಆಗೂ ವಯಸ್ಸಿನ್ಯಾಗ ಎಂಥಾ ಹಟಾನ ನಿಂದು?”

“ಚಟ್ನಿ ತಂದೀರಿಲ್ಲೋ, ಅದನ್ನ ಹೇಳ್ರಿ.”

ಭಾನುವಾರ ಮಧ್ಯಾಹ್ನ ಹೊಸ ನಕ್ಷೆ ಹೋಯಿತು. ಹಳೆಯದರಲ್ಲಿ ನಡೆಯಲು ಗುರುತಿಸಿದ್ದ ನೇರ ದಾರಿ ಹನ್ನೊಂದು ಹೊಂಡಗಳನ್ನು ಹಾದುಹೋಗುತ್ತಿತ್ತು. ಹೊಸದು ಅವನ್ನೆಲ್ಲ ಬಳಸಿ ಒಂದು ದಿನದಷ್ಟು ಉದ್ದವಾಗಿತ್ತು. ನಾಯಕ ಫೋನಿನಲ್ಲಿ ಗೊಣಗಿದ. ಹೌದು, ಒಂದು ದಿನ ಹೆಚ್ಚು ಎಂದು ಫೋನಿಟ್ಟಳು.

ಉಳಿದದ್ದು ಕಾರಣದ ಫಾರಂ. ಅಭಿಜಿತ್ ಅರ್ಧ ಪುಟದ ಸಮಜಾಯಿಷಿ ಬರೆದು ಕಳಿಸಿದ್ದ. ಅವಳು ಅದನ್ನು ಅಳಿಸಿ ಎರಡು ವಾಕ್ಯ ಬರೆದಳು: ಮಂಜುಗಡ್ಡೆಯನ್ನು ನೆಲವೆಂದು ತಿಳಿದೆ. ಅಳೆದ ದಿನಾಂಕ ನೋಡಲಿಲ್ಲ. ಕೆಳಗೆ ಪೂರ್ಣ ಹೆಸರು ಹಾಕಿ, ಪಕ್ಕದ ಹಾಳೆ ತೆರೆದಳು.