ವನಜತ್ತೆಯ ಸ್ಫಾಲರೈಟ್

ಮೊನ್ನೆ ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಿನ ಚರಂಡಿ ಕಟ್ಟಿಕೊಂಡು, ಕೊಳೆತ ಮೊಟ್ಟೆಯಂಥ ವಾಸನೆ ಮನೆಯೊಳಗೆಲ್ಲ ಹಬ್ಬಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ವನಜತ್ತೆ ನೆನಪಾದಳು. ಅವಳ ಹಿಂದೆಯೇ ಅಪ್ಪನ ಮೇಲಿನ ಸಿಟ್ಟೂ ನೆತ್ತಿಗೇರಿತು. ನಾನು ಚಿಕ್ಕವಳಿದ್ದಾಗ ವಡೋದರದಲ್ಲಿ ಅಪ್ಪನ ಉಡುಪಿ ಹೋಟೆಲಿನ ಮೇಲೆಯೇ ನಮ್ಮ ಮನೆ. ಮೆಟ್ಟಿಲಿಗೆಲ್ಲ ಸಾಂಬಾರಿನ, ಕಾದ ತುಪ್ಪದ ಘಮ. ಅಪ್ಪನ ಕಿರಿಯ ತಂಗಿ ವನಜತ್ತೆ ನಮ್ಮಲ್ಲಿದ್ದುಕೊಂಡು ಭೂವಿಜ್ಞಾನದ ಎಂಎಸ್ಸಿ ಓದುತ್ತಿದ್ದಳು. ಬಾಲ್ಕನಿಯ ಕಪಾಟಿನ ತುಂಬ ಅವಳ ಕಲ್ಲುಗಳು. ಅವುಗಳಲ್ಲಿ ಅಚ್ಚುಮೆಚ್ಚಿನದು ಸ್ಫಾಲರೈಟ್, ಸತುವೂ ಗಂಧಕವೂ ಕೂಡಿದ ಖನಿಜ. ಕಬ್ಬಿಣ ಬೆರೆತಷ್ಟೂ ಕಪ್ಪು, ಕಡಿಮೆಯಿದ್ದರೆ ಜೇನಿನ ಬಣ್ಣ. ಹೊಳಪು ಮಾತ್ರ ಧೂಪದ ರಾಳದ್ದು. ಕಪ್ಪು ತುಂಡನ್ನು ಟೈಲ್ಸಿನ ಒರಟು ಬೆನ್ನಿಗೆ ನನ್ನ ಕೈಯಲ್ಲೇ ಉಜ್ಜಿಸುತ್ತಿದ್ದಳು. ಗೆರೆ ಮಾಸಲು ಹಳದಿ. ಆ ಪುಡಿಗೆ ಆಸಿಡ್ ಹನಿಸಿದರೆ ಕೊಳೆತ ಮೊಟ್ಟೆಯ ನಾತ. “ಮೂಗು ಮುಚ್ಚಬೇಡ ಮಾರಾಯ್ತಿ, ಅದೇ ಅದರ ಗುರುತು,” ಎಂದು ನಗುತ್ತಿದ್ದಳು. ಸೀಸದ ಅದಿರೆಂದು ನಂಬಿ ಮೋಸಹೋದವರು ಇದಕ್ಕೆ ವಂಚಕ ಎಂಬರ್ಥದ ಹೆಸರಿಟ್ಟರಂತೆ. “ಕಲ್ಲು ಮೋಸ ಮಾಡುವುದಿಲ್ಲ. ಅವರಿಗೆ ನೋಡ್ಲಿಕ್ಕೆ ಬರುವುದಿಲ್ಲ, ಅಷ್ಟೇ.” ಅದೇ ಸತು, ಅದೇ ಗಂಧಕ, ಒಳಗಿನ ಜೋಡಣೆ ಬೇರೆಯಾದರೆ ವುರ್ಟ್‌ಜೈಟ್ ಎಂಬ ಬೇರೆಯೇ ಖನಿಜವೆಂದು, ಹೋಟೆಲಿನ ಲಾಡುಗಳನ್ನು ಎರಡು ಬಗೆಯಾಗಿ ಪೇರಿಸಿ ತೋರಿಸಿದ್ದಳು.

ಓದು ಮುಗಿದಾಗ ರಾಜಸ್ಥಾನದ ಸತುವಿನ ಗಣಿಯೊಂದರ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಪ್ಪ ಕೂಗಾಡಿದ. “ಗಣಿಯಲ್ಲಿ ಹೆಂಗಸರಿಗೆ ಎಂತ ಕೆಲಸ? ಬರುವ ವಾರ ಉಧ್ನಾದಿಂದ ಹುಡುಗನ ಕಡೆಯವರು ಬರ್ತಾರೆ. ಸುಮ್ಮನೆ ಕೂತ್ಕೋ.”

“ನಾನು ಕೂರುವುದಿಲ್ಲ ಅಣ್ಣ,” ಎಂದಳು ಅತ್ತೆ.

ಮರುದಿನ ಅವಳು ಸರ್ಟಿಫಿಕೇಟು ತರಲು ಕಾಲೇಜಿಗೆ ಹೋದದ್ದೇ ತಡ, ಅಪ್ಪ ಕಪಾಟು ಖಾಲಿ ಮಾಡಿಸಿ, ಕಲ್ಲುಗಳನ್ನೆಲ್ಲ ಕೆಳಗೆ ಕಟ್ಟಿಸುತ್ತಿದ್ದ ಎಸಿ ರೂಮಿನ ನೆಲಕ್ಕೆ ತುಂಬಿಸಿಬಿಟ್ಟ. ಅವಳು ಬರುವಷ್ಟರಲ್ಲಿ ಮೇಲೆ ಕಾಂಕ್ರೀಟು ಬಿದ್ದಿತ್ತು. ಅತ್ತೆ ಮಂಡಿಯೂರಿ, ಹಸಿ ಕಾಂಕ್ರೀಟನ್ನು ಎರಡೂ ಕೈಯಿಂದ ಬಗೆಯತೊಡಗಿದಳು. ಅಪ್ಪ ರಟ್ಟೆ ಹಿಡಿದೆಳೆದ. ಗಿರಾಕಿಗಳು ದೋಸೆ ಮುರಿಯುತ್ತಾ ನೋಡಿದರು. ಮೆಟ್ಟಿಲ ಮೇಲೆ ನಿಂತಿದ್ದ ಅಮ್ಮ ಒಳಗೆ ಹೋದಳು. ಅತ್ತೆ ಕೈ ತೊಳೆದು, ಬ್ಯಾಗು ತುಂಬಿಕೊಂಡು, ನನ್ನ ತಲೆ ಸವರಿ, ಸಂಜೆಯ ರೈಲಿಗೆ ಹೊರಟುಹೋದಳು.

ಆಮೇಲೆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಅವಳು ಫೋನು ಮಾಡಿದರೆ ಅಪ್ಪ ಇಟ್ಟುಬಿಡುತ್ತಿದ್ದ. ನಿಮ್ಮ ಮನೆಯಲ್ಲೂ ಹೀಗೆ ಅಳಿಸಿಹಾಕಿದ ಹೆಸರೊಂದಿದ್ದರೆ ಆ ಮೌನ ನಿಮಗೆ ಗೊತ್ತು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅತ್ತೆ ಕಾಮಾಲೆಯಾಗಿ ಆ ಗಣಿಯ ಊರಿನಲ್ಲೇ ತೀರಿಕೊಂಡಳು. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಈಗ ಹೋಟೆಲಿಲ್ಲ, ಆ ಮನೆಯೂ ಇಲ್ಲ. ಕಳೆದ ದೀಪಾವಳಿಗೆ ನಮ್ಮಲ್ಲಿಗೆ ಬಂದಿದ್ದ ಅಪ್ಪ, ಊಟಕ್ಕೆ ಕೂತ ನೆಂಟರೆದುರು, “ನಮ್ಮ ವನಜ ಆ ಕಾಲಕ್ಕೇ ಗಣಿಯಲ್ಲಿ ಆಫೀಸರ್. ಓದಿಸಿದ್ದು ನಾನೇ,” ಎಂದ. ನಾನು ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಎಸೆದೆ.

“ಓದಿಸಿದ್ದು ನೀನೇ ಅಪ್ಪ. ಮನೆ ಬಿಡಿಸಿದ್ದೂ ನೀನೇ. ಅದನ್ನೂ ಹೇಳು.”

ಅಪ್ಪ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ. ವನಜ ಅಂದರೆ ಯಾರೆಂದು ನನ್ನ ಮಗಳು ಗುಜರಾತಿಯಲ್ಲಿ ಕೇಳಿದಳು. ಹೇಳಹೊರಟೆ. ಆದರೆ ಆ ಊರಿನಲ್ಲಿ ಅತ್ತೆ ಎಂಥ ಮನೆಯಲ್ಲಿದ್ದಳು, ಬೆಳಿಗ್ಗೆ ಯಾರ ಜೊತೆ ಚಹಾ ಕುಡಿಯುತ್ತಿದ್ದಳು, ಕನ್ನಡ ಮಾತಾಡಲು ಅವಳಿಗೆ ಯಾರಾದರೂ ಇದ್ದರೇ, ಒಂದೂ ನನಗೆ ಗೊತ್ತಿರಲಿಲ್ಲ.